ಹಿಟ್ಟಿನ ಡಬ್ಬಿಯಲ್ಲಿ ನಿನ್ನ ಮದುವೆ

ಮೂಡಲಗಿ
8-8-2004

ಮುದ್ದಿನ ಸೋನಾಲಿಗೆ ನಿನ್ನ ಅವ್ವನ ಆಶೀರ್ವಾದ. ಅಳಿಯಂದಿರಿಗೂ ನಿನ್ನ ಅತ್ತೆಯವರಿಗೂ ನನ್ನ ಜಯ ಜಿನೇಂದ್ರ ಹೇಳು. ನಿನ್ನ ಪತ್ರಕ್ಕೆ ಇಷ್ಟು ತಡವಾಗಿ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ನೀನು ಕಳಿಸಿದ ಮದುವೆಯ ಸಿಡಿಯನ್ನು ಹಾಳು ಮಾಡಿಕೊಂಡು ಕೂತಿದ್ದೆ; ಯಾವ ಮುಖದಿಂದ ಬರೆಯಲಿ?

ನಿನ್ನಪ್ಪನ ಹಟ ಗೊತ್ತಲ್ಲ. ಹುಕ್ಕೇರಿಯ ಮಂಟಪದಲ್ಲಿ ಹೆಗಲಿಗೆ ಟವೆಲ್ ಹಾಕಿಕೊಂಡು ಓಡಾಡುತ್ತಿದ್ದವರನ್ನು ನಿನ್ನ ದೊಡ್ಡ ಮಾವನವರು "ಏ ಅಡಗಿಯಾಂವ, ಇಲ್ಲೊಂದ ತಂಬಗಿ ನೀರ ತಾ" ಎಂದು ಕೂಗಿದ್ದೇ ಸಾಕಾಯಿತು. ಅಕ್ಷತೆಯ ಹೊತ್ತಿಗೆ ಇವರು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದರು! ಊರಿಗೆ ಬಂದ ಮೇಲೂ "ಆ ಮದವಿ ಸುದ್ದಿ ಈ ಮನ್ಯಾಗ ಬ್ಯಾಡ" ಎಂದುಬಿಟ್ಟರು. ಹಾಗಾಗಿ ಸಿಡಿಯನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟು, ಇವರು ಅಂಗಡಿಗೆ ಹೋದ ಮೇಲೆ ಪಕ್ಕದ ಲಕ್ಕವ್ವನ ಮನೆಯಲ್ಲಿ ಹಾಕಿಸಿ ನೋಡುತ್ತಿದ್ದೆ.

ಒಂದು ದಿನ, ಸಿಡಿಗೆ ಹಿಟ್ಟು ಮೆತ್ತಿದೆಯೆಂದು ಬೂದಿ ಹಚ್ಚಿ ತೆಂಗಿನ ನಾರಿನಿಂದ ತಿಕ್ಕಿದೆ. ತಂಬಿಗೆಯಾಗಿದ್ದರೆ ಫಳಫಳ ಹೊಳೆಯುತ್ತಿತ್ತು. ಇದು ಮಂಕಾಯಿತು. ಪ್ಲೇಯರಿಗೆ ಹಾಕಿದರೆ ಗರಗರ ತಿರುಗಿ ಹೊರಗೆ ಬಂತು. "ಯವ್ವಾ, ಅದೇನ ಭಾಂಡೆ ಏನ ತಿಕ್ಕಾಕ?" ಎಂದು ಲಕ್ಕವ್ವ ಹಣೆ ಬಡಿದುಕೊಂಡಳು.

ಚಸ್ಮಾ ಮಾಡಿಸಿಕೊಂಡು ಬರುತ್ತೇನೆಂದು ಸುಳ್ಳು ಹೇಳಿ ಗೋಕಾಕಿನ ಬಸ್ ಹತ್ತಿದೆ. ಅಲ್ಲಿಂದ ನಮ್ಮ ಅಂಗಡಿಯ ಕಂಪ್ಯೂಟರ್ ರಿಪೇರಿಗೆ ಬರುವ ದುಂಡಪ್ಪ ಸಿಡಿಯನ್ನು ಬೆಳಕಿಗೆ ಹಿಡಿದು ನೋಡಿದ.

"ಇದು ಸತ್ತೈತ್ರಿ ಕಾಕೂ. ಆದ್ರ ಕಾಳಜಿ ಬ್ಯಾಡ. ಕಾಕಾರು ಹೋದ ತಿಂಗಳನ ಇದರ ಇಮೇಜ್ ಮಾಡಿಸ್ಯಾರಲ್ರಿ."

"ಯಾವ ಕಾಕಾರು?"

"ನಿಮ್ಮ ಮನಿಯವ್ರರಿ, ಭೂಪಾಲ ಕಾಕಾರು. ಸಿಡಿಗೆ ಹಿಟ್ಟ ಹತ್ತಿತ್ತು, ನಾನ ಒರಸಿದ್ನಿ."

ಸಿಡಿಯಲ್ಲಿರುವುದನ್ನೆಲ್ಲ ಇದ್ದ ಹಾಗೆಯೇ ಒಂದು ಫೈಲ್ ಮಾಡಿ ಕಂಪ್ಯೂಟರಿನಲ್ಲಿ ಇಡುವುದಕ್ಕೆ ಇಮೇಜ್ ಎನ್ನುತ್ತಾರಂತೆ. ಆಮೇಲೆ ಸಿಡಿ ಹಾಕುವುದೇ ಬೇಡ. "ಸಿಡಿ ಒಳಗ ಐತಿ ಅಂತ ಕಂಪ್ಯೂಟರ ತಾನ ನಂಬತೈತ್ರಿ" ಎಂದು ನಕ್ಕ. ತನ್ನ ಹತ್ತಿರ ಉಳಿದಿದ್ದ ಇಮೇಜಿನಿಂದ ನನಗೊಂದು ಹೊಸ ಸಿಡಿಯನ್ನೂ ಬರೆದುಕೊಟ್ಟ.

ಬಸ್ ಇಳಿದವಳು ನೇರವಾಗಿ ನಮ್ಮ ಬೀಜ-ಗೊಬ್ಬರದ ಅಂಗಡಿಗೆ ಹೋದೆ. ಇವರು ಕಂಪ್ಯೂಟರಿಗೆ ಮೂಗು ಹಚ್ಚಿ ಕೂತಿದ್ದರು. ನನ್ನನ್ನು ನೋಡಿ ಗಾಬರಿಯಾಗಿ, "ಚಸ್ಮಾ ಎಲ್ಲಿ?" ಎಂದರು.

"ಚಸ್ಮಾ ಇಲ್ಲದನ ಎಲ್ಲಾ ಕಾಣಾಕತ್ತೈತಿ. ಏನ ನೋಡಾಕತ್ತೀರಿ?"

"ಲೆಕ್ಕಾ."

"ಲೆಕ್ಕಕ್ಕ ಯಾಕ ಅರಿಷಿಣಾ ಹಚ್ಚಾಕತ್ತಾರ?"

ಇವರು ಗೊಬ್ಬರದ ಚೀಲದ ಮೇಲಿನ ಧೂಳು ಝಾಡಿಸಿ "ಕುಂದರ" ಎಂದರು. ಬಂದ ಗಿರಾಕಿಯನ್ನು "ನಾಳೆ ಬಾರಪಾ" ಎಂದು ಕಳಿಸಿ, ಇಬ್ಬರೂ ಕೊನೆಯ ತನಕ ನೋಡಿದೆವು. ಎದ್ದು ನಿಂತ ಮೇಲೆ ಗೋಡೆಯ ಕಡೆ ತಿರುಗಿ ಹೇಳಿದರು: "ಪಂಚಮಿಗೆ ಅಕಿನ್ನ ಕರಿಯಾಕ ನಾನ ಹೊಕ್ಕೇನಿ."

ಹೌದು ಮಗಳೇ, ಅವರೇ ಬರುತ್ತಾರೆ. ನಿನ್ನ ದೊಡ್ಡ ಮಾವನವರ ಕೈಯಿಂದ ಮೊದಲು ಒಂದು ತಂಬಿಗೆ ನೀರು ಕೊಡಿಸು. ಮಿಕ್ಕದ್ದೆಲ್ಲ ತಾನಾಗಿ ಸರಿಹೋಗುತ್ತದೆ. ನೀನೂ ಪ್ರತೀಕರೂ ನಕ್ಕೋತ ಇರಿ. ಜಗಳವಾದರೂ ಉಣ್ಣುವ ಹೊತ್ತಿಗೆ ಮುಗಿಯುವಂಥದ್ದಾಗಲಿ.

ನಿನ್ನ ಅವ್ವ,
ರಾಜಮತಿ

ತಾ.ಕ.: ದುಂಡಪ್ಪ ಇನ್ನೊಂದು ಮಾತು ಹೇಳಿದ. ಅದನ್ನು ಯಾರ ಮುಂದೆಯೂ ಆಡಬೇಡ. ಇಮೇಜ್ ಮಾಡಿಸುವ ದಿನ ಇವರು ತಮ್ಮದೊಂದು ಫೋಟೋ ಒಯ್ದಿದ್ದರಂತೆ. ನಿನ್ನ ಮದುವೆಗೆಂದು ಹೊಲಿಸಿ, ಹಾಕದೆಯೇ ಉಳಿದ ಕೋಟು ಇತ್ತಲ್ಲ, ಅದನ್ನು ಹಾಕಿಕೊಂಡು ತೆಗೆಸಿದ್ದು. "ಅಕ್ಷತಿ ಹೊತ್ತಿನ್ಯಾಗ, ಮಗಳ ಬಾಜೂಕ, ಎಲ್ಲೆರ ಒಂದ ಮೂಲ್ಯಾಗ ನನ್ನ ನಿಂದರಸಾಕ ಬರತೈತೇನಪಾ?" ಎಂದು ಕೇಳಿದರಂತೆ. "ಇದರಾಗ ಇದ್ದದ್ದಷ್ಟ ಬರತೈತ್ರಿ ಕಾಕಾ" ಎಂದನಂತೆ ದುಂಡಪ್ಪ. ಫೋಟೋ ಅವನಲ್ಲೇ ಉಳಿದಿದೆ. ವಾಪಸ್ ಕೇಳಲು ಇವರಿಗೆ ನಾಚಿಕೆ.