ತಣ್ಣಗಿನ ಆಂಪ್ಲಿಫೈಯರ್

ಅಪ್ಪಾ,

ನಾನು ಕಟ್ಟಿದ ಆಂಪ್ಲಿಫೈಯರ್ ಹಾಡಿತು! ಮೊದಲು ನಿಮ್ಮಂತೆಯೇ ಬಿಸಿಯಾಯಿತೇ ಎಂದು ಮೇಲೆ ಅಂಗೈ ಇಟ್ಟು ನೋಡಿದೆ, ತಣ್ಣಗಿತ್ತು. ಸತ್ತಿದೆಯೆಂದುಕೊಂಡು ವಾಲ್ಯೂಮ್ ಪೂರ್ತಿ ತಿರುಗಿಸಿದೆ. ಸ್ಪೀಕರ್ ಇದ್ದ ಮಹಡಿಯಿಂದ ಅತ್ತೆ ಕೂಗಿದರು: “ಏನೇ ಇದು, ಕಿವಿ ತೂತು ಮಾಡ್ತೀಯಾ?”

ನಿಮ್ಮ ಹಳೆಯ ಆಂಪ್ಲಿಫೈಯರ್ ಅರ್ಧ ತೆರೆದ ನಲ್ಲಿಯ ಹಾಗೆ, ತಡೆದ ವಿದ್ಯುತ್ತೆಲ್ಲ ಶಾಖವಾಗುತ್ತದೆ. ಇದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತದೆ. ಪೋಲಾಗುವುದು ತೀರ ಕಡಿಮೆ. ಶಾಖ ಹೀರುವ ದಪ್ಪ ಲೋಹವೂ ಬೇಡ. ಬೆನ್ನಿನ ಆಪರೇಷನ್ ಆದವರೂ ಒಂದೇ ಕೈಯಲ್ಲಿ ಎತ್ತಬಹುದು!

ಭಾರ ಎತ್ತಲಾಗದೆಂದು ರಿಪೇರಿ ಅಂಗಡಿ ಮಾರಲು ಹೊರಟಿದ್ದೀರಲ್ಲ, ಕೊಳ್ಳುವವರಿಗೆ ಇನ್ನೂ ಹೂಂ ಅನ್ನಬೇಡಿ. ಇದು ಹಾಡುವಾಗ ಪಕ್ಕದ ರೇಡಿಯೋ ಗೊರಗೊರ ಎನ್ನುತ್ತಿದೆ. ಅದನ್ನು ತಡೆಯಬೇಕಾದ ಫಿಲ್ಟರಿನ ತಂತಿಯ ಕಾಯಿಲ್ ಸುತ್ತಿದ್ದು ನಾನೇ; ಎಲ್ಲಿ ತಪ್ಪಿದೆನೋ ನಿಮಗೇ ಗೊತ್ತಾಗಬೇಕು. ನಾಳೆಯೇ ಬನ್ನಿ, ಕನ್ನಡಕ ಮರೆಯಬೇಡಿ.

ನಿಮ್ಮ ಹಿರಿಮಗಳು