ಒಂದೂವರೆ ಕಿಲೋಮೀಟರ್ ಹಸಿರು ಬಣ್ಣ

ಆಗಸ್ಟ್ 7, ಗುರುವಾರ

ಇವತ್ತೂ ಟ್ಯಾಂಕರ್. ನಾಗಸಂದ್ರ ಮೆಟ್ರೋ ದಾಟಿ ಫ್ಯಾಕ್ಟರಿ ರಸ್ತೆಗೆ ತಿರುಗುತ್ತಿದ್ದಂತೆ ಹಿಂದಿನಿಂದ ಹಾರ್ನ್. ಎಡಕ್ಕೆ ಸರಿದರೆ ಚರಂಡಿ, ಅದಕ್ಕೆ ಚಪ್ಪಡಿ ಇಲ್ಲ. ಸೈಕಲ್ ಎತ್ತಿಕೊಂಡು ನಿಂತೆ. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ "ಮನೇಲಿ ಇರಕ್ಕಾಗಲ್ವಾ ಆಂಟಿ?" ಅಂದ. ಹದಿನಾರು ವರ್ಷದಿಂದ ಇದೇ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದೇನೆ. ಈ ರಸ್ತೆ ಆಗುವ ಮೊದಲು ಇಲ್ಲಿ ನಮ್ಮಜ್ಜ ರಾಗಿ ಬೆಳೆಯುತ್ತಿದ್ದ. ಬೈಗುಳ ನಾಲಿಗೆಗೆ ಬರುವಷ್ಟರಲ್ಲಿ ಟ್ಯಾಂಕರ್ ಮಾಯ. ದಿನವಿಡೀ ಆ ಬೈಗುಳವನ್ನು ಬಾಯಲ್ಲೇ ಇಟ್ಟುಕೊಂಡು ಕೆಲಸ ಮಾಡಿದೆ. ನಮ್ಮ ಫ್ಯಾಕ್ಟರಿಯ ಪೇಂಟ್ ಶಾಪ್‌ನಲ್ಲಿ ನನ್ನ ಜೊತೆ ಬಣ್ಣ ಹೊಡೆಯುವ ಹುಡುಗರು ಹತ್ತಿರ ಸುಳಿಯಲಿಲ್ಲ.

ಏಳನೇ ತಾರೀಖು, ಸಂಬಳದ ದಿನ. ಸಂಜೆ ಪಕ್ಕದ ಪ್ರೆಸ್ ಶಾಪ್ ಗೇಟಿನಲ್ಲಿ ಡಬ್ಬ ಹಿಡಿದು ನಿಂತೆ. ಖಾಲಿ ಪ್ರೈಮರ್ ಡಬ್ಬ, ಮೇಲೆ 'ಸೈಕಲ್ ದಾರಿ ಸಮಿತಿ' ಅಂತ ಚೀಟಿ. ಕಾರಿನವರು ಗ್ಲಾಸ್ ಏರಿಸಿಕೊಂಡರು. ನಡೆದು ಹೋಗುವ ಹೆಂಗಸರು ಹಾಕಿದರು. ಹತ್ತು, ಇಪ್ಪತ್ತು. ವೇಣಿ ಐವತ್ತು ಹಾಕಿದಳು. ಅಲ್ಲಿ ತಗಡು ಒತ್ತುವ ಪ್ರೆಸ್ ಮೆಷಿನ್‌ನ ಆಪರೇಟರ್ ಅವಳು. ಎರಡು ಮಕ್ಕಳು, ಗಂಡ ಬಿಟ್ಟು ಹೋಗಿದ್ದಾನೆ. ಮನೆಯಲ್ಲಿ ಸೈಕಲ್ ಇದೆ, ಆದರೆ ಈ ರಸ್ತೆಗೆ ಹೆದರಿ ಮುಕ್ಕಾಲು ಗಂಟೆ ನಡೆದು ಬರುತ್ತಾಳೆ.

"ಅಕ್ಕ, ನಿಜವಾಗ್ಲೂ ಆಗತ್ತಾ ಇದು?"

"ಆಗತ್ತೆ ಕಣೇ."

"ಆದ್ರೆ ಮೊದ್ಲು ನಾನೇ ಹತ್ತೋದು. ನಡ್ದು ನಡ್ದು ಕಾಲು ಸತ್ತೋಗಿದೆ. ನಮ್ ಲೈನ್‌ನೋರ ಹತ್ರ ನಾನೇ ಇಸ್ಕೊಡ್ತೀನಿ ಬಿಡಿ."

ಆಗಸ್ಟ್ 10, ಭಾನುವಾರ

ರಸ್ತೆಯ ಅಂಚಿಗೆ ಸೈಕಲ್‌ಗೇ ಅಂತ ಹಸಿರು ಬಣ್ಣದ ಪಟ್ಟಿ ಹಾಕಿಸಬೇಕು, ಅದಕ್ಕೆ ವೆಂಕಟೇಶಪ್ಪನನ್ನು ಕರೆದುಕೊಂಡು ರಸ್ತೆ ಅಳೆದೆ. ಫ್ಯಾಕ್ಟರಿಗಳ ಒಳಗೆ ನೆಲದ ಮೇಲೆ ಹಳದಿ ಗೆರೆ ಎಳೆಯುವವನು, ನನಗೆ ಹಳಬ. ಹೇಮಲತಾ ಅನ್ನಲು ನಾಲಿಗೆ ಹೊರಳದೆ ಏಮಮ್ಮ ಅನ್ನುತ್ತಾನೆ. ಒಂದೂವರೆ ಕಿಲೋಮೀಟರ್. ಇಪ್ಪತ್ತೆರಡು ಗೇಟು.

"ಬಣ್ಣ ಯಾವ್ ಲಾರೀನ ತಡೀತದೆ ಏಮಮ್ಮ? ಕಂಬ ಬೇಕು. ರಬ್ಬರ್ ಕಂಬ, ಸಾಲಾಗಿ. ಆಮ್ಯಾಕೆ ಬಣ್ಣದೊಳಕ್ಕೆ ಮರಳು ಬೆರೆಸ್ಬೇಕು. ಇಲ್ಲಾಂದ್ರೆ ಮಳೆ ಬಿದ್ರೆ ಚಕ್ರ ಅಂಗೇ ಜಾರ್ಕಂಡು ಓಯ್ತದೆ."

ಅದನ್ನು ನನಗೆ ಹೇಳಿಕೊಡಬೇಕೇ? ನಮ್ಮ ಪೇಂಟ್ ಶಾಪ್‌ನಲ್ಲಿ ನೀರು ಬೀಳುವ ಕಡೆಯೆಲ್ಲ ಮರಳು ಬೆರೆಸಿದ ಬಣ್ಣ ಹಾಕಿಸಿದ್ದು ನಾನೇ. ಮ್ಯಾನೇಜರ್ ಜೊತೆ ಜಗಳವಾಡಿ ಹಾಕಿಸಿದ್ದು.

ಆಗಸ್ಟ್ 19, ಮಂಗಳವಾರ

ಅರ್ಧ ದಿನ ರಜೆ ಹಾಕಿ ಪಾಲಿಕೆಯ ಎಂಜಿನಿಯರ್ ಆಫೀಸಿಗೆ ಹೋದೆ. ಇದು ಹನ್ನೊಂದನೇ ಸಲ. ಸಾಹೇಬರು ಮೊಬೈಲಿನಿಂದ ಕಣ್ಣು ಎತ್ತದೆ ಹೇಳಿದರು: "ಕಂಬಕ್ಕೆ ಪರ್ಮಿಷನ್ ಟೈಮ್ ಹಿಡಿಯತ್ತೆ ಮೇಡಂ. ಬಣ್ಣ ಬೇಕಾದ್ರೆ ಹಚ್ಕೊಳಿ, ಯಾರೂ ಕೇಳಲ್ಲ." ಯಾರೂ ಕೇಳಲ್ಲ! ಎರಡು ವರ್ಷದಲ್ಲಿ ಆ ಮನುಷ್ಯ ಆಡಿದ ಒಂದೇ ಸತ್ಯ.

ಸಂಜೆ ಕಮಿಟಿ. ನಮ್ಮ ಅಧ್ಯಕ್ಷರು ಶಿವಶಂಕರ್, ಬೋಲ್ಟ್ ಫ್ಯಾಕ್ಟರಿ ಮಾಲೀಕರು. ಸೈಕಲ್ ಹತ್ತಿ ಮೂವತ್ತು ವರ್ಷ ಆಗಿರಬೇಕು. ಮುಖ ಅರಳಿತ್ತು. ಒಂದು ದೊಡ್ಡ ಕಂಪನಿ ದುಡ್ಡು ಕೊಡುತ್ತದಂತೆ. ಮೊದಲು ಬಣ್ಣಕ್ಕೆ, ಆಮೇಲೆ ಕಂಬಕ್ಕೆ. ಒಂದೇ ಷರತ್ತು: ಸೆಪ್ಟೆಂಬರ್ ಎಂಟಕ್ಕೆ ಉದ್ಘಾಟನೆ ಆಗಬೇಕು, ಅವರ ದೊಡ್ಡವರು ಮುಂಬೈಯಿಂದ ಅವತ್ತೇ ಬರುವುದು.

ಹೆಂಗಸರು ಡಬ್ಬಕ್ಕೆ ಹಾಕಿದ ದುಡ್ಡು? "ಅದು ಶಾಮಿಯಾನಕ್ಕೆ ಆಗತ್ತೆ" ಅಂದರು. ಮೈ ಉರಿದುಹೋಯಿತು. ಆದರೂ ಸುಮ್ಮನೆ ಕೂತೆ... ಯಾಕೆ ಕೂತೆ?

ಆಗಸ್ಟ್ 28, ಗುರುವಾರ

ಜಗಳ. ಮರಳು ಬೆರೆಸಿದರೆ ಎರಡು ಕೋಟ್, ಒಣಗಲು ಎರಡು ದಿನ ರಸ್ತೆ ಬಂದ್. ಲಾರಿಯವರು ಒಪ್ಪಲ್ಲ, ತಾರೀಖು ತಪ್ಪುತ್ತದೆ, ಮೇಲಾಗಿ ಬಣ್ಣ ಮಂಕಾಗಿ ಕಾಣುತ್ತದೆ — ಇದು ಶಿವಶಂಕರ್ ವಾದ. ಡ್ರೋನ್ ಫೋಟೋದಲ್ಲಿ ಹಸಿರು ಮಿಂಚಬೇಕಂತೆ.

"ಡ್ರೋನ್ ಮೇಲೆ ಕೂತ್ಕೊಂಡು ಹೋಗ್ತಾರಾ ಸಾರ್ ಹೆಂಗಸ್ರು?" ಅಂದೆ.

"ಎಮೋಷನಲ್ ಆಗ್ಬೇಡಿ ಹೇಮಲತಾ ಮೇಡಂ. ಮಳೆಗಾಲ ಇನ್ನೆಷ್ಟು ದಿನ? ದೀಪಾವಳಿ ಕಳೀಲಿ, ಕಂಬಾನೂ ಹಾಕ್ಸೋಣ, ಮರಳೂ ಹಾಕ್ಸೋಣ. ಈಗ ಬೇಡ ಅಂದ್ರೆ ಅವ್ರು ಬೇರೆ ಏರಿಯಾಗೆ ಕೊಟ್ಬಿಡ್ತಾರೆ."

ಒಂದು ಗಂಟೆ ಕೂಗಾಡಿದೆ. ಆಮೇಲೆ ಮರಳಿಲ್ಲದ ಬಣ್ಣದ ಆರ್ಡರ್‌ಗೆ, ಕಾರ್ಯದರ್ಶಿ ಅಂತ ಇದ್ದ ಕಡೆ ಸಹಿ ಹಾಕಿದೆ. ಎರಡು ವರ್ಷ ಅಲೆದಿದ್ದೇನೆ. ಬರೀ ಬಣ್ಣವಾದರೂ ಸರಿ, ಕಣ್ಣಿಗೆ ಕಾಣುವಂಥದ್ದು ಏನಾದರೂ ಆಗಲಿ ಅನ್ನಿಸಿತು.

ಮನೆಗೆ ಬಂದು ಪಾತ್ರೆ ಕುಕ್ಕಿದೆ. ಅಮ್ಮ ಒಳಗಿನಿಂದ, "ಯಾವನ್ ಮ್ಯಾಲೆ ಕ್ವಾಪವೋ ಅವನ್ ಮನೆ ಪಾತ್ರೆ ಕುಕ್ಕು, ಓಗು" ಅಂದಳು.

ಸೆಪ್ಟೆಂಬರ್ 8, ಸೋಮವಾರ

ಆಯಿತು. ರಿಬ್ಬನ್, ಶಾಲು, ಡ್ರೋನ್. ಮುಂಬೈಯ ದೊಡ್ಡವರು ಹೆಲ್ಮೆಟ್ ಹಾಕಿ ಇಪ್ಪತ್ತು ಅಡಿ ಸೈಕಲ್ ತುಳಿದು ಕಾರು ಹತ್ತಿದರು. ಹಸಿರು ನಿಜಕ್ಕೂ ಮಿಂಚುತ್ತಿತ್ತು. ವೆಂಕಟೇಶಪ್ಪ ಬಣ್ಣ ಹಚ್ಚಿದ ಕೂಲಿ ಇಸಿದುಕೊಂಡು ನನ್ನ ಮುಖ ನೋಡದೆ ಹೋದ.

ಪಾಂಪ್ಲೆಟ್ ನಾನೇ ಬರೆದದ್ದು. 'ಅಕ್ಕ ತಂಗಿಯರೇ, ಇನ್ನು ಭಯ ಬೇಡ. ಇದು ನಿಮ್ಮ ಸುರಕ್ಷಿತ ದಾರಿ. ಸೈಕಲ್ ಹತ್ತಿ.' ಎಲ್ಲ ಗೇಟಿನಲ್ಲೂ ಹಂಚಿದೆ.

ಸೆಪ್ಟೆಂಬರ್ 9, ಮಂಗಳವಾರ

ವೇಣಿ ಬಂದಳು, ಸೈಕಲ್ ಮೇಲೆ! ಹ್ಯಾಂಡಲ್ ನಡುಗುತ್ತಿತ್ತು, ಬಾಯಿ ಮಾತ್ರ ಕಿವಿಯವರೆಗೆ. "ಹದಿನೈದೇ ನಿಮಿಷ ಅಕ್ಕ! ಮಕ್ಳಿಗೆ ದೋಸೆ ಹುಯ್ಕೊಟ್ಟು ಬಂದೆ ಇವತ್ತು." ಲಾರಿಗಳೂ ಬಣ್ಣ ನೋಡಿ ಒಂದಿಷ್ಟು ದೂರ ಹೋಗುತ್ತಿವೆ. ಅವಳ ಲೈನಿನ ಹೆಂಗಸರು ನಲವತ್ತು ಜನ, ಅರ್ಧದಷ್ಟು ಜನ ಸೈಕಲ್ ಹುಡುಕುತ್ತಿದ್ದಾರಂತೆ. ನನ್ನ ಕಣ್ಣು ಒದ್ದೆಯಾಯಿತು. ಖುಷಿಯಾಯಿತು, ಅಷ್ಟೇ.

ಸೆಪ್ಟೆಂಬರ್ 25, ಗುರುವಾರ

ವೇಣಿ ಬಿದ್ದಳು.

ಸಂಜೆ ಐದೂ ಮುಕ್ಕಾಲು. ಮಳೆ. ಗೇಟಿನಿಂದ ಟೆಂಪೋ ಹೊರಗೆ ಬಂತು. ಬ್ರೇಕ್ ಹಿಡಿದಳು. ಚಕ್ರ ಹಸಿರಿನ ಮೇಲೆ ಹಾಗೇ ಜಾರಿತು. ಕೈ ಊರಿದಳು. ಬಲಗೈ. ಟೆಂಪೋದ ಹಿಂದಿನ ಚಕ್ರ ಅದರ ಮೇಲೆ... ನಾನು ಹಿಂದೆಯೇ ಇದ್ದೆ. ಎಲ್ಲ ನೋಡಿದೆ.

ಸೆಪ್ಟೆಂಬರ್ 26, ಶುಕ್ರವಾರ

ಬೆಳಿಗ್ಗೆ ಏಳಕ್ಕೆ ಹೋಗಿ ಬಣ್ಣದ ಎರಡೂ ತುದಿಗೆ ಕೆಂಪು ಟೇಪ್ ಕಟ್ಟಿದೆ. ಒಂಬತ್ತಕ್ಕೆ ಶಿವಶಂಕರ್ ವಾಚ್‌ಮನ್ ಅದನ್ನು ಬಿಚ್ಚಿದ್ದ. ಫೋನ್ ಮಾಡಿ ಕೂಗಿದೆ. "ಪ್ಯಾನಿಕ್ ಮಾಡ್ಬೇಡಿ ಮೇಡಂ, ಬಿಸಿಲು ಬಂದಿದೆ" ಅಂದರು.

ಸೆಪ್ಟೆಂಬರ್ 27, ಶನಿವಾರ

ಆಸ್ಪತ್ರೆ. ಎರಡು ಬೆರಳು ತೆಗೆದಿದ್ದಾರೆ. ಮಣಿಕಟ್ಟಿಗೆ ರಾಡ್. ಪ್ರೆಸ್ ಮೆಷಿನ್‌ಗೆ ಎರಡು ಬಟನ್ ಇರುತ್ತವೆ, ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯುತ್ತದೆ. ಕೈ ಒಳಗೆ ಸಿಕ್ಕಿಕೊಳ್ಳದಿರಲಿ ಅಂತ ಮಾಡಿದ ವ್ಯವಸ್ಥೆ. ಹನ್ನೊಂದು ವರ್ಷ ಪ್ರೆಸ್ ಮುಂದೆ ಕೂತು ಒಂದು ಗೀರು ಆಗದ ಕೈ, ನಾನು 'ಸೈಕಲ್ ಹತ್ತು' ಅಂದ ದಾರಿಯಲ್ಲಿ ಹೋಯಿತು.

ವೇಣಿ ಗೋಡೆ ಕಡೆ ತಿರುಗಿ ಮಲಗಿದ್ದಳು. ಮೂಸಂಬಿ ಇಟ್ಟು ಬಂದೆ.

ಸೆಪ್ಟೆಂಬರ್ 28, ಭಾನುವಾರ

ಕಮಿಟಿ. ವೇಣಿಯ ಫ್ಯಾಕ್ಟರಿ ಎಚ್‌ಆರ್ ಲೋಕೇಶ್ ಪತ್ರ ಕೇಳಿದ್ದಾನೆ: ಅಪಘಾತ ಹೇಗಾಯಿತು ಅಂತ ಸಮಿತಿಯಿಂದ ಬರೆದುಕೊಡಬೇಕು. ಅವಳನ್ನು ಪ್ಯಾಕಿಂಗ್‌ಗೆ ಹಾಕಿಕೊಳ್ಳುವುದೋ ಮನೆಗೆ ಕಳಿಸುವುದೋ ಅದನ್ನು ನೋಡಿ ತೀರ್ಮಾನ. ಶಿವಶಂಕರ್ ಆಗಲೇ ಟೈಪ್ ಮಾಡಿಸಿದ್ದರು. 'ಸವಾರರು ಒದ್ದೆ ಚಪ್ಪಲಿ ಧರಿಸಿ, ಹ್ಯಾಂಡಲ್‌ಗೆ ಊಟದ ಚೀಲ ನೇತುಹಾಕಿಕೊಂಡು, ಅಜಾಗರೂಕತೆಯಿಂದ...'

ಕೆಳಗೆ ನನ್ನ ಹೆಸರು. ಸಹಿಗೆ ಜಾಗ.

"ಅವ್ಳ ಕೆಲ್ಸ ಹೋಗತ್ತೆ ಸಾರ್."

"ಬಣ್ಣದ್ದೇ ತಪ್ಪು ಅಂತ ಬರ್ದ್ರೆ ಕಂಪನಿ ಕಂಬಕ್ಕೆ ದುಡ್ಡು ಕೊಡಲ್ಲ. ಒಬ್ರಿಗೋಸ್ಕರ ಎಲ್ರ ದಾರೀನೂ ಮುಚ್ತೀರಾ? ನೀವೇ ಯೋಚ್ನೆ ಮಾಡಿ. ಬಣ್ಣಕ್ಕೆ ಸಹಿ ಹಾಕಿರೋದೂ ನೀವೇ."

ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡು ಬಂದೆ. ಹರಿದು ಅವರ ಮುಖಕ್ಕೆ ಎಸೆಯಬೇಕಿತ್ತು. ಎಸೆಯಲಿಲ್ಲ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಎಲ್ಲ ಫ್ಯಾಕ್ಟರಿಯಲ್ಲೂ ಬಾಳೆಕಂದು, ಬೂದುಗುಂಬಳ. ಪ್ರಸಾದಕ್ಕೆ ಕರೆದರು ಅಂತ ಪ್ರೆಸ್ ಶಾಪ್‌ಗೆ ಹೋದೆ. ವೇಣಿಯ ಮೆಷಿನ್‌ಗೂ ಸೇವಂತಿಗೆ ಹಾರ ಹಾಕಿ, ಎರಡೂ ಬಟನ್‌ಗೆ ಕುಂಕುಮ ಇಟ್ಟಿದ್ದರು. ಪಕ್ಕದಲ್ಲಿ ಹೊಸ ಹುಡುಗಿಯೊಬ್ಬಳು ನಿಂತಿದ್ದಳು, ಆ ಮೆಷಿನ್ ಕೆಲಸ ಕಲಿಯುತ್ತಿದ್ದಾಳಂತೆ. ಪುರಿ ಬಾಯಿಗೆ ಹಾಕಿಕೊಳ್ಳಲಾಗಲಿಲ್ಲ. ಅವಳ ಲೈನಿನವರು ಏಳೆಂಟು ಜನ ಸೈಕಲ್‌ನಲ್ಲೇ ಬಂದಿದ್ದರು. "ವೇಣಿ ಬ್ಯಾಲೆನ್ಸ್ ತಪ್ಪಿದ್ಲಂತೆ ಅಲ್ವಾ ಅಕ್ಕ?" ಅಂದಳು ಒಬ್ಬಳು. ಯಾರು ಹೇಳಿದರು ಅಂದೆ. ಎಲ್ಲರೂ ಹೇಳುತ್ತಿದ್ದಾರೆ ಅಂದಳು.

ಅಕ್ಟೋಬರ್ 3, ಶುಕ್ರವಾರ

ವೇಣಿ ಮನೆಗೆ ಬಂದಿದ್ದಾಳೆ. ಹೋದೆ. ಶಿವಶಂಕರ್ ಟೈಪ್ ಮಾಡಿಸಿದ್ದನ್ನು ತೋರಿಸಿದೆ. ಇದಕ್ಕೆ ಸಹಿ ಹಾಕುವುದಿಲ್ಲ, ಮರಳು ಹಾಕಿಸಲಿಲ್ಲ, ತಪ್ಪು ಸಮಿತಿಯದು ಅಂತ ಬರೆದುಕೊಡುತ್ತೇನೆ ಅಂದೆ. ಅವಳು ಅಳುತ್ತಾಳೆ, ನನ್ನ ಕೈ ಹಿಡಿಯುತ್ತಾಳೆ ಅಂತ ಎಣಿಸಿದ್ದೆನೇನೋ. ಅವಳು ಎಡಗೈಯಲ್ಲಿ ಕಾಗದವನ್ನು ಪಕ್ಕಕ್ಕಿಟ್ಟಳು.

"ಒಂದ್ ಮಾತು ಕೇಳ್ತೀನಿ, ನಿಜ ಹೇಳ್ಬೇಕು. ಮಳೆ ಬಂದ್ ದಿನ ನೀವು ಹಸಿರು ಬಣ್ಣದ್ ಮೇಲೆ ಬರ್ತಿರ್ಲಿಲ್ಲ. ಹೊರಗಡೆ ಟಾರಿನ್ ಮೇಲೆ, ಲಾರಿಗಳ್ ಮಧ್ಯೆ ಬರ್ತಿದ್ರಿ. ಮೂರ್ ಸಲ ನೋಡ್ದೆ. ಅವತ್ತೂ ಹೊರಗಡೆನೇ ಇದ್ರಿ. ಯಾಕಕ್ಕ?"

ನಾನು ಆ ಕಾಗದ ಎತ್ತಿಕೊಂಡು ಮಡಚತೊಡಗಿದೆ.

"ನೀವೇನೋ ಅರ್ಜೆಂಟಲ್ಲಿದೀರ ಅನ್ಕೊಂಡೆ ನಾನು. ಬೆಪ್ಪಿ."

ಎದ್ದು ಬಂದುಬಿಟ್ಟೆ. ಅವಳ ಚಿಕ್ಕ ಮಗಳು ಬಾಗಿಲಲ್ಲಿ ಟಾಟಾ ಮಾಡಿದಳು.

ಅಕ್ಟೋಬರ್ 4, ಶನಿವಾರ

ಸೆಪ್ಟೆಂಬರ್ ಒಂಬತ್ತರಿಂದ ಇಪ್ಪತ್ತೈದರವರೆಗೆ ಈ ಪುಸ್ತಕದಲ್ಲಿ ಏನೂ ಬರೆದಿಲ್ಲ. ಕೆಲಸ ಜಾಸ್ತಿ ಇತ್ತು ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಸುಳ್ಳು. ಬಣ್ಣ ಹಚ್ಚಿದ ಮೇಲೆ ಮೊದಲ ಮಳೆ ಬಿದ್ದದ್ದು ಹನ್ನೊಂದನೇ ತಾರೀಖು. ಮುಂದಿನ ಚಕ್ರ ಬಣ್ಣಕ್ಕೆ ತಾಗಿದ್ದೇ ತಡ ಒಂದು ಸಲ ಜಾರಿತು. ಕಾಲು ಕೊಟ್ಟು ನಿಂತೆ. ಆಮೇಲೆ ಹ್ಯಾಂಡಲ್ ತಿರುಗಿಸಿ ಟಾರಿಗೆ ಇಳಿದೆ. ಮಳೆ ಬಂದಾಗಲೆಲ್ಲ ಹಾಗೇ ಮಾಡಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಪಾಂಪ್ಲೆಟ್ ಹಂಚಿದವಳು ನಾನೇ ಅಲ್ಲವೇ, ಜನ ನಗುತ್ತಾರೆ, ಶಿವಶಂಕರ್ ಗೆಲ್ಲುತ್ತಾರೆ, ಎಂಜಿನಿಯರ್ ಹಲ್ಲು ಕಿಸಿಯುತ್ತಾನೆ. ದೀಪಾವಳಿ ಕಳೆಯಲಿ ಅಂತ ನಾನೂ ಕಾದೆ.

ಟ್ಯಾಂಕರಿನವನ ಮೇಲೆ, ಆಫೀಸಿನವನ ಮೇಲೆ, ಅಧ್ಯಕ್ಷನ ಮೇಲೆ ಎಷ್ಟು ಪುಟ ಉರಿದಿದ್ದೇನೆ. ಥೂ! ಅವರಾರೂ ವೇಣಿಗೆ 'ಹತ್ತು' ಅನ್ನಲಿಲ್ಲ.

ಅಕ್ಟೋಬರ್ 5, ಭಾನುವಾರ

ಮತ್ತೆ ವೇಣಿ ಮನೆ. ಪತ್ರ ಓದಿದೆ. ಮರಳಿಲ್ಲದ ಬಣ್ಣ, ಗೊತ್ತಿದ್ದೂ ಒಪ್ಪಿದ್ದು, ಮಳೆಯಲ್ಲಿ ನಾನು ಹೊರಗೆ ಹೋಗುತ್ತಿದ್ದದ್ದು — ಎಲ್ಲ ಬರೆದಿದ್ದೆ. ಸಹಿಯೂ ಹಾಕಿದ್ದೆ.

"ಲೋಕೇಶ್ ಸಾರ್‌ಗೆ ಕೊಡಿ. ಆದ್ರೆ ಅದು ಫೈಲಿಗೆ ಹೋಗತ್ತೆ ಅಕ್ಕ. ನಮ್ ಲೈನ್‌ನೋರು ಫೈಲ್ ಓದಲ್ಲ. ಅವ್ರು ನಾಳೆನೂ ಅದ್ರ ಮೇಲೇ ಬರ್ತಾರೆ. ಅವತ್ತು ಡಬ್ಬ ಹಿಡ್ಕೊಂಡು ಗೇಟಲ್ಲಿ ನಿಂತು ಕೇಳುದ್ರಲ್ಲ, ಹಂಗೇ ನಿಂತು ಹೇಳಿ. ಬಾಯ್ಬಿಟ್ಟು ಹೇಳಿ."

"ಹೇಳಿದ್ರೆ ನನ್ನ ಕ್ಷಮಿಸ್ತೀಯೇನೇ?"

"ಅದಿನ್ನೂ ಯೋಚ್ನೆ ಮಾಡಿಲ್ಲ" ಅಂದಳು.

ಅಕ್ಟೋಬರ್ 6, ಸೋಮವಾರ. ಸಂಜೆ 5.20

ಬೆಳಿಗ್ಗೆ ಪತ್ರ ಕೊಟ್ಟೆ. ಹತ್ತಕ್ಕೆ ಶಿವಶಂಕರ್ ಫೋನ್: "ಎರಡು ವರ್ಷದ ಕೆಲ್ಸ ಹಾಳ್ ಮಾಡ್ಬಿಟ್ರಿ." ಕಂಪನಿ ಹಿಂದೆ ಸರಿದಿದೆ. ಕಂಬ ಬರುವುದಿಲ್ಲ. ನನ್ನನ್ನು ಸಮಿತಿಯಿಂದ ತೆಗೆದಿದ್ದಾರೆ. ವೇಣಿಯ ಪ್ಯಾಕಿಂಗ್ ಕೆಲಸದ ಬಗ್ಗೆ ಲೋಕೇಶ್ "ನೋಡೋಣ" ಅಂದಿದ್ದಾನೆ, ಅಷ್ಟೇ.

ಪೇಂಟ್ ಶಾಪ್ ಸ್ಟೋರಿನಲ್ಲಿ ಕೂತು ಬರೆಯುತ್ತಿದ್ದೇನೆ. ಮೋಡ ಕಟ್ಟಿತ್ತು, ಈಗ ಹನಿ ಶುರುವಾಗಿದೆ. ಕಿಟಕಿಯಿಂದ ಪ್ರೆಸ್ ಶಾಪ್ ಗೇಟು ಕಾಣುತ್ತದೆ. ವೇಣಿ ಆಟೋದಲ್ಲಿ ಬಂದು ಇಳಿದಿದ್ದಾಳೆ. ಬ್ಯಾಂಡೇಜಿನ ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಸೈಕಲ್ ಸ್ಟ್ಯಾಂಡಿನ ಮುಂದೆ ನಿಂತಿದ್ದಾಳೆ. ಒಬ್ಬರನ್ನೂ ಹೊರಗೆ ಬಿಡುವ ಹಾಗೆ ಕಾಣುವುದಿಲ್ಲ.

ಗೇಟಿನಲ್ಲಿ ನಿಂತು ಹೇಳಬೇಕಾದ ಮೊದಲ ವಾಕ್ಯವನ್ನು ಬೆಳಗಿನಿಂದ ಹುಡುಕುತ್ತಿದ್ದೇನೆ. ಶಿವಶಂಕರ್ ಹೆಸರಿನಿಂದ ಶುರುಮಾಡಿದೆ, ಹೊಡೆದು ಹಾಕಿದೆ. ಎಂಜಿನಿಯರ್‌ನಿಂದ ಶುರುಮಾಡಿದೆ, ಅದನ್ನೂ ಹೊಡೆದು ಹಾಕಿದೆ.

ಸೈರನ್ ಆಯಿತು. ಹೊರಗೆ ಬರುತ್ತಿದ್ದಾರೆ.

ಅಕ್ಕ ತಂಗಿಯರೇ, ಮಳೆ ಬಂದ ದಿನ ನಾನು