ಇನಾಲ್ ಸಾಹೇಬರು ಎದ್ದು ನಿಂತದ್ದು

ಮಸ್ಕತ್, 13 ನವೆಂಬರ್ 1991, ಬುಧವಾರ

ಇನಾಲ್ ಸಾಹೇಬರು ಇನ್ನೂ ಕಣ್ಣ ಮುಂದೆಯೇ ನಿಂತ ಹಾಗಿದೆ. ನಮ್ಮ ಹೊಸ ಚೀಫ್ ಇಂಜಿನಿಯರ್, ಜೋರ್ಡಾನಿನ ಸರ್ಕೇಶಿಯನ್, ಮೂಲತಃ ಕಾಕಸಸ್ ಬೆಟ್ಟಗಳ ಕುಲದವರು. ಮೀಟಿಂಗಿಗೆ ಚಹಾ ತಂದ ಉಳ್ಳಾಲದ ಮುದುಕ ಮೂಸಬ್ಬನನ್ನು ಕಂಡದ್ದೇ ಎದ್ದು ನಿಂತರು. ನಾವೆಲ್ಲ ಕೂತೇ ಇದ್ದೆವು. ಹಿರಿಯರು ಬಂದರೆ ಏಳಬೇಕು, ಅದು ಅವರ ಕುಲದ ಕಟ್ಟಳೆಯಂತೆ.

ಈ ಸರ್ಕೇಶಿಯನ್ನರು ಆರುನೂರು ವರ್ಷದ ಹಿಂದೆ ಈಜಿಪ್ಟಿಗೆ ಗುಲಾಮರಾಗಿ ಮಾರಾಟವಾಗಿ, ಅಲ್ಲೇ ಸುಲ್ತಾನರಾದ ಜನ! ಅವರಲ್ಲಿ ಮೊದಲಿಗ ಬರ್ಕೂಕ್, ಅಧಿಕಾರ ಕೈಗೆ ಬಂದದ್ದೇ ಊರಿಂದ ಅಪ್ಪನನ್ನು ಕರೆಸಿಕೊಂಡನಂತೆ. "ಅಪ್ಪ ಒಳಗೆ ಬಂದಾಗ ಅವನೂ ಎದ್ದಿರಬೇಕು" ಅಂದರು ಸಾಹೇಬರು. ರಾಜ್ಯ ಸಿಕ್ಕಿದರೂ ಬಿಡದ ಮರ್ಯಾದೆ. ನಮಗೋ, ಒಂದು ತಿರುಗುವ ಕುರ್ಚಿ ಸಿಕ್ಕಿದ್ದಕ್ಕೇ...

ಪಾಪ ಮೂಸಬ್ಬ. ಸಾಹೇಬರು ಎದ್ದದ್ದು ಯಾರಿಗೆಂದು, ಟ್ರೇ ಹಿಡಿದುಕೊಂಡೇ ಹಿಂದೆ ತಿರುಗಿ ನೋಡಿದ.